ಎದ್ದರೆ ಔಟ್

ನಮ್ಮ ಮನೆಯಲ್ಲಿ ಬೆಳಗ್ಗೆ ಹಾಲು ಉಕ್ಕುವುದಕ್ಕಿಂತ ಮೊದಲು ಪ್ರಶ್ನೆ ಉಕ್ಕುತ್ತದೆ. ನಮ್ಮ ಯಜಮಾನರು ಶಿವಬಸಪ್ಪನವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು, "ಕರ್ನಾಟಕದ ಅತಿ ಎತ್ತರದ ಶಿಖರ?" ಎಂದು ಕೇಳುತ್ತಾರೆ. ನಾನು ದೋಸೆ ಹೆಂಚಿಗೆ ನೀರು ಚಿಮುಕಿಸುತ್ತಾ, "ನಿಮ್ಮ ಮೂಗು" ಎನ್ನುತ್ತೇನೆ. ಮೊಮ್ಮಗಳು ಅನಘಾ ಹಾಸಿಗೆಯಿಂದಲೇ, "ಮುಳ್ಳಯ್ಯನಗಿರಿ, ತಾತಾ" ಎಂದು ಕೂಗುತ್ತಾಳೆ. ಒಮ್ಮೆ ಗ್ಯಾಸ್ ತಂದ ಹುಡುಗನನ್ನೂ ನಿಲ್ಲಿಸಿಕೊಂಡು ಕರ್ನಾಟಕದಲ್ಲಿ ಜಿಲ್ಲೆಗಳೆಷ್ಟು ಎಂದು ಕೇಳಿದ್ದರು. ಅವನು, "ಸಾರ್, ಖಾಲಿ ಸಿಲಿಂಡರ್ ಕೊಡಿ ಸಾರ್, ಇನ್ನೂ ಹದಿನೆಂಟು ಮನೆ ಇದೆ" ಎಂದು ಕೈಮುಗಿದ.

ದಾವಣಗೆರೆ ಬಿಟ್ಟು ಬಂದು ನಲವತ್ತು ವರ್ಷವಾಯಿತು. ಬಸವೇಶ್ವರನಗರದ ಮೂರನೇ ಹಂತದಲ್ಲಿ ಮನೆ, ಮಗ ಗಿರಿರಾಜನಿಗೆ ರಾಜಾಜಿನಗರದಲ್ಲಿ ಫ್ಯಾನು, ವೈರು, ಸ್ವಿಚ್ಚಿನ ಅಂಗಡಿ, ಸೊಸೆ ಸೌಮ್ಯಶ್ರೀ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಮೊಮ್ಮಗಳು ಏಳನೇ ಕ್ಲಾಸು. ಯಜಮಾನರು ಜಲಮಂಡಳಿಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ದೇವರು ನಮಗೆ ಕಡಿಮೆ ಮಾಡಿಲ್ಲ. ಹಾಗಿದ್ದರೂ ಒಂದು ತಪ್ಪು ನಮ್ಮ ಮನೆಯೊಳಗೇ ಇಪ್ಪತ್ತೆರಡು ವರ್ಷ ಬೆಚ್ಚಗೆ ಕೂತಿತ್ತು. ಅದಕ್ಕೆ ನಾನೇ ಬಡಿಸಿ ಸಾಕಿದ್ದೇನೆ. ಮಕ್ಕಳಿರುವ ಮನೆಯವರು ದಯವಿಟ್ಟು ಓದಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಗೆ ಒಂದು ಕ್ಷೇಮಾಭಿವೃದ್ಧಿ ಸಂಘವಿದೆ. ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಸಭಾಭವನದಲ್ಲಿ ಮಕ್ಕಳ ಕ್ವಿಜ್ ನಡೆಸುತ್ತದೆ. ಆಯ್ಕೆಯಾದ ಆರು ಮಕ್ಕಳು ವೇದಿಕೆ ಮೇಲೆ, ಪ್ರಶ್ನೆ ಕೇಳುವವರು ನಮ್ಮವರು, ಪಕ್ಕದ ಮೇಜಿನಲ್ಲಿ ಗಂಟೆ ಇಟ್ಟುಕೊಂಡು ಹೊತ್ತು ನೋಡುವವಳು ನಾನು. ಒಟ್ಟು ಮೂರು ಗಂಟೆಯ ಸ್ಪರ್ಧೆ. ಗೆದ್ದವರ ಹೆಸರನ್ನು ಭವನದ ಬಾಗಿಲ ಪಕ್ಕದ ಮರದ ಹಲಗೆಯ ಮೇಲೆ ಬರೆಸುತ್ತಾರೆ. ಆ ಹಲಗೆಯಲ್ಲಿ ಹೆಸರು ಬಂದರೆ ಬಡಾವಣೆಯಲ್ಲಿ ಆ ಮನೆಗೇ ಒಂದು ತೂಕ. ಸಂಬಂಧ ಮಾತಾಡುವಾಗಲೂ ಅದನ್ನು ಹೇಳಿದವರನ್ನು ನಾನು ಕಂಡಿದ್ದೇನೆ.

ಈ ಕ್ವಿಜ್‌ಗೆ ಒಂದು ನಿಯಮ. ಮೂರು ಗಂಟೆ ಮುಗಿಯುವವರೆಗೆ ಯಾರೂ ಕುರ್ಚಿ ಬಿಟ್ಟು ಏಳುವಂತಿಲ್ಲ. ಎದ್ದರೆ ಔಟ್. ನಾನು ಗಂಟೆ ಬಾರಿಸುತ್ತೇನೆ, ಮಗು ಕೆಳಗಿಳಿಯುತ್ತದೆ. ವೇದಿಕೆ ಪಕ್ಕದ ಶೌಚಾಲಯಕ್ಕೆ ಅವತ್ತು ಬೀಗ. ವೇದಿಕೆ ಮೇಲೆ ನೀರೂ ಇಡುವುದಿಲ್ಲ, ಕುಡಿದರೆ ತಾನೇ ಏಳಬೇಕಾಗುವುದು!

ಇದು ಹುಟ್ಟಿದ್ದು ಮೊದಲನೇ ವರ್ಷ. ಒಬ್ಬ ಹುಡುಗ ಶೌಚಕ್ಕೆ ಹೋಗಿ ಬಂದವನೇ, ಅದುವರೆಗೆ ತಡವರಿಸುತ್ತಿದ್ದ ಪ್ರಶ್ನೆಗೆ ಪಟಕ್ಕನೆ ಉತ್ತರ ಹೇಳಿಬಿಟ್ಟ. ಅವರಪ್ಪ ಹೊರಗೆ ನಿಂತು ಕಿವಿಯಲ್ಲಿ ಊದಿದ್ದರು. ನಮ್ಮವರಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಆ ಅಪ್ಪನನ್ನು ಒಂದು ಮಾತು ಕೇಳಲಿಲ್ಲ, ಮರುವರ್ಷದಿಂದ ಮಕ್ಕಳನ್ನು ಕಟ್ಟಿಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಆದರೆ ಆಗ ನಮಗೆ ಹಾಗೆ ಅನ್ನಿಸಲಿಲ್ಲ. "ನಮ್ಮ ಬಡಾವಣೆ ಮಕ್ಕಳ ಶಿಸ್ತು ನೋಡ್ರೀ, ಮೂರು ಗಂಟೆ ಅಲ್ಲಾಡಲ್ಲ" ಎಂದು ಅತಿಥಿಗಳ ಮುಂದೆ ಹೆಮ್ಮೆಪಟ್ಟೆವು. ಮಹಾಲಕ್ಷ್ಮಿ ಲೇಔಟಿನಿಂದಲೂ ಮಕ್ಕಳು ಬರತೊಡಗಿದರು.

ಇನ್ನು ನನ್ನ ಪಾಲು ಕೇಳಿ. ಏಳದಂತೆ ಕೂರಬೇಕಾದರೆ ಏನು ತಿನ್ನಿಸಬೇಕು ಎಂದು ತಾಯಂದಿರಿಗೆ ಚಿಂತೆ ಹತ್ತಿತು. ಅದಕ್ಕೆ ಔಷಧಿ ಕಂಡುಹಿಡಿದವಳು ನಾನು. ಹಿಂದಿನ ರಾತ್ರಿಯಿಂದ ನೀರು ಬಂದ್, ಸಾರು ಬಂದ್, ಹಣ್ಣು ಬಂದ್. ಬೆಳಗ್ಗೆ ಉದುರುದುರು ಉಪ್ಪಿಟ್ಟು, ಅದರ ಮೇಲೆ ಹುರಿಗಡಲೆ ಪುಡಿ. ತಿಂದ ಮೇಲೆ ಒಂದೇ ಒಂದು ಗುಟುಕು ನೀರು. ಇದಕ್ಕೆ 'ಒಣ ತಿಂಡಿ' ಎಂದು ಹೆಸರೂ ಬಿತ್ತು. "ಜಯದೇವಿ ಆಂಟಿ, ನಿಮ್ಮ ಒಣ ತಿಂಡಿ ಕೊಟ್ಟೆ, ನಮ್ಮವನು ಕಲ್ಲು ಕೂತಂಗೆ ಕೂತ" ಎಂದು ಯಾರಾದರೂ ಹೊಗಳಿದರೆ ನಾನು ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ. ಛೀ! ಈಗ ನೆನೆಸಿಕೊಂಡರೆ ನನ್ನ ಕೈಯನ್ನು ನಾನೇ ಸುಟ್ಟುಕೊಳ್ಳಬೇಕು ಎನ್ನಿಸುತ್ತದೆ.

ಕಳೆದ ವರ್ಷ ಅನಘಾಳ ಸರದಿ ಬಂತು. ಶಾಲೆಯಿಂದ ಆಯ್ಕೆಯಾಗಿ ಬಂದ ದಿನ ಕುಣಿದಾಡಿಬಿಟ್ಟಳು. ಹಲಗೆಯಲ್ಲಿ ತನ್ನ ಹೆಸರು ಯಾವ ಸಾಲಿನಲ್ಲಿ ಬರುತ್ತದೆ ಎಂದು ಹೋಗಿ ಬೆರಳಿಟ್ಟು ನೋಡಿ ಬಂದಳು. ತಾತ ಆಗಸ್ಟಿನಿಂದಲೇ ಅಭ್ಯಾಸ ಶುರುಮಾಡಿಸಿದರು. ಪ್ರತಿ ಭಾನುವಾರ ಬೆಳಗ್ಗೆ ಊಟದ ಮೇಜಿನ ಕುರ್ಚಿಯ ಮೇಲೆ ಮೂರು ಗಂಟೆ. ನಾನು ಒಣ ತಿಂಡಿ ಮಾಡಿ ಕೊಡುತ್ತಿದ್ದೆ. ಮಗು ಒಮ್ಮೊಮ್ಮೆ ಕಾಲಿನ ಮೇಲೆ ಕಾಲು ಹಾಕಿಕೊಂಡು ಮುಖ ಕಿವುಚುತ್ತಿತ್ತು. "ಇನ್ನು ಇಪ್ಪತ್ತು ನಿಮಿಷ ಕಣೇ, ತಡ್ಕೋ" ಎಂದು ತಾತ ಅನ್ನುತ್ತಿದ್ದರು. ನಾನು ಅದನ್ನೇ ಜಾಣತನ ಎಂದುಕೊಂಡು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ.

ಅಕ್ಟೋಬರ್ ಮೊದಲ ವಾರ ಅನಘಾಗೆ ಚಳಿಜ್ವರ. ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಸೌಮ್ಯಶ್ರೀ ಪಕ್ಕದಲ್ಲಿ ಮಲಗಿಕೊಂಡು ಮೆಲ್ಲಗೆ ಕೇಳಿದ ಮೇಲೆ, ಉರಿ ಶುರುವಾಗಿ ಐದು ದಿನವಾಯಿತು ಎಂದು ಬಾಯಿಬಿಟ್ಟಳು. ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ರೆ ಕ್ವಿಜ್‌ಗೆ ಕಳ್ಸಲ್ಲ ಅಂದ್ಕೊಂಡೆ" ಎಂದಳು.

ವಿಜಯನಗರದ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಪರೀಕ್ಷೆ ಮಾಡಿಸಿ, ಮೂತ್ರಕೋಶಕ್ಕೆ ಸೋಂಕಾಗಿದೆ ಎಂದರು. "ದಿನಾ ಎಷ್ಟು ನೀರು ಕುಡೀತೀಯಾ ಪುಟ್ಟಿ?" ಎಂದು ಕೇಳಿದರು.

"ಭಾನುವಾರ ಒಂದು ಗುಟುಕು."

"ಒಂದು ಗುಟುಕಾ? ಯಾಕೆ?"

ಮಗು ನನ್ನ ಮುಖ ನೋಡಿತು. ನಾನೇ ಹೇಳಬೇಕಾಯಿತು. ಒಣ ತಿಂಡಿಯಿಂದ ಹಿಡಿದು ಬೀಗದವರೆಗೆ ಎಲ್ಲವನ್ನೂ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮಾ, ನೀವು ಎಷ್ಟು ಹೊತ್ತು ತಡ್ಕೋತೀರಾ?" ಎಂದು ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಮೆತ್ತಗೆ ಕೇಳಿದರು. "ಮತ್ತೆ ಮತ್ತೆ ಹೀಗಾದ್ರೆ ಕಿಡ್ನಿಗೆ ಹೋಗುತ್ತೆ. ಎರಡು ಗಂಟೆಗೊಂದು ಸಲ ಹೋಗ್ಲೇಬೇಕು. ಯಾವ ಕ್ವಿಜ್ಜೂ ಅದಕ್ಕಿಂತ ದೊಡ್ಡದಲ್ಲ" ಎಂದು ಚೀಟಿ ಬರೆದುಕೊಟ್ಟರು.

ಅವತ್ತು ಸಂಜೆ ನಮ್ಮ ಮನೆಯಲ್ಲಿ ಮಾತು ಬೆಳೆಯಿತು. ಸೌಮ್ಯಶ್ರೀ ದನಿ ಎತ್ತುವವಳಲ್ಲ. ಲೆಕ್ಕ ಬಿಡಿಸುವ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾಳೆ.

"ಮಾವ, ಆ ರೂಲ್ ತೆಗೆದ್ಬಿಡಿ."

"ಅಲ್ಲಮ್ಮಾ, ಒಂದು ಮಗೂಗೆ ಜ್ವರ ಬಂತು ಅಂತ ನಿಯಮ ತೆಗೆಯೋಕಾಗುತ್ತಾ? ನಾವೆಲ್ಲ ಚಿಕ್ಕವರಿದ್ದಾಗ ಪರೀಕ್ಷೆ ಹಾಲ್‌ನಲ್ಲಿ ಕೂರ್ತಿರಲಿಲ್ವಾ? ಸಂಯಮ ಬೇಕಮ್ಮಾ ಮಕ್ಕಳಿಗೆ."

"ಪರೀಕ್ಷೇಲಿ ಕೈ ಎತ್ತಿದ್ರೆ ಬಿಡ್ತಾರೆ ಮಾವ."

"ಬಿಟ್ರೆ ಹೊರಗೆ ಹೋಗಿ ಉತ್ತರ ಕೇಳ್ಕೊಂಡು ಬರ್ತಾರೆ. ಮೊದಲನೇ ವರ್ಷ ನೋಡಿದೀವಲ್ಲ."

"ಒಬ್ಬರಪ್ಪ ಮಾಡಿದ್ದು ಅದು. ಅದಕ್ಕೆ ಇಪ್ಪತ್ತೆರಡು ವರ್ಷದಿಂದ ಬಂದ ಮಕ್ಕಳಿಗೆಲ್ಲ ಶಿಕ್ಷೆನಾ?" ಎಂದವಳು ಸ್ವಲ್ಪ ನಿಂತು, "ನೀವಂತೂ ಮುಕ್ಕಾಲು ಗಂಟೆಗೊಂದು ಸಲ ಎದ್ದು ಹೋಗ್ತೀರಿ" ಎಂದಳು.

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ನಿಜವೇ. ನಮ್ಮವರಿಗೆ ಸಕ್ಕರೆ ಕಾಯಿಲೆ. ಪ್ರತಿ ಸುತ್ತಿನ ನಡುವೆ ಗಣ್ಯರ ನಾಲ್ಕು ಮಾತು ಎಂದು ಮೈಕು ಯಾರದ್ದೋ ಕೈಗೆ ಕೊಟ್ಟು ಹಿಂದಿನ ಬಾಗಿಲಿನಿಂದ ಹೋಗಿಬರುತ್ತಾರೆ.

"ನಾನು ಕೇಳೋನು, ಉತ್ತರ ಹೇಳೋನಲ್ಲ" ಎಂದರು ಯಜಮಾನರು. ಕಿವಿ ಕೆಂಪಾಗಿತ್ತು.

"ಸಂಘದ ಹೆಸರಲ್ಲೇ ಕ್ಷೇಮ ಇದೆಯಲ್ಲ ಮಾವ. ಯಾರ ಕ್ಷೇಮ ಅದು?"

ಅದಕ್ಕೆ ಅವರು ಟಿವಿ ಹಾಕಿದರು. ನಮ್ಮ ಮನೆಯಲ್ಲಿ ಟಿವಿ ಹಾಕಿದರೆ ಸಭೆ ಮುಗಿಯಿತು ಎಂದರ್ಥ. ಗಿರಿರಾಜ, "ಬಿಡಮ್ಮಾ, ಅಪ್ಪ ಒಪ್ಪಲ್ಲ" ಎಂದು ತಟ್ಟೆ ತೊಳೆದಿಟ್ಟು ಹೋದ.

ಮಾರನೆಯ ದಿನ ಪಟಾಲಮ್ಮ ಪಾತ್ರೆ ತಿಕ್ಕಲು ಬಂದಳು. ಬೆಳಗ್ಗೆ ನಮ್ಮ ಮನೆ, ಉಳಿದ ಹೊತ್ತು ಸಭಾಭವನ ಗುಡಿಸುವ ಕೆಲಸ ಅವಳದು. ಅನಘಾ ಯಾಕೆ ಶಾಲೆಗೆ ಹೋಗಿಲ್ಲ ಎಂದು ಕೇಳಿದಳು. ಹೇಳಿದೆ. ಕೈಯಲ್ಲಿದ್ದ ಬಾಣಲೆಯನ್ನು ನೀರಿಗೆ ಬಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

"ಅಮ್ಮೋ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ವರ್ಷಾ ವರ್ಷಾ ನಿಮ್ ಕ್ವಿಜ್ ಮುಗುದ್ ಮ್ಯಾಕೆ ನಾನು ಒಂದೋ ಎರಡೋ ಕುರ್ಚಿ ಒರುಸ್ತೀನಿ."

"ಧೂಳಲ್ವೇನೇ, ಒರೆಸಬೇಕಲ್ಲ."

"ಧೂಳಲ್ಲ ಕಣಮ್ಮಾ. ಯಾರಾನಾ ಕೇಳುದ್ರೆ ನೀರು ಚೆಲ್ಲೈತೆ ಅಂತೀನಿ."

ನನಗೆ ತಟ್ಟನೆ ಹೊಳೆಯಲಿಲ್ಲ. ನಂತರ ಹೊಳೆಯಿತು. ವೇದಿಕೆ ಮೇಲೆ ನಾವು ನೀರೇ ಇಡುವುದಿಲ್ಲವಲ್ಲ!

"ಅಯ್ಯೋ ಶಿವನೇ... ಇಷ್ಟು ವರ್ಷ ಯಾಕೆ ಹೇಳಲಿಲ್ಲವೇ ನೀನು?"

"ಹೇಳುದ್ರೆ ಯಾವ್ ಮಗ ಅಂತ ಕೇಳ್ತೀರಿ. ಕೇಳುದ್ರೆ ಊರಿಗೆಲ್ಲ ಗೊತ್ತಾಗ್ತದೆ. ಮಕ್ಕಳ ಮಾನ ಅಲ್ವಾ ಅಮ್ಮಾ" ಎಂದಳು. ಕಣ್ಣೊರೆಸಿಕೊಂಡು, "ಅದ್ರಾಗೆ ಆ ವಾಚ್‌ಮನ್ ಈರಪ್ಪನ ಮಗಳದು ನೆನ್ಸಿಕೊಂಡ್ರೆ ಈಗ್ಲೂ ಹೊಟ್ಟೆ ಉರೀತದೆ" ಎಂದಳು.

ಈರಪ್ಪ ಗೋಕಾಕದ ಕಡೆಯವನು, ನಾಲ್ಕು ವರ್ಷದ ಹಿಂದೆ ನಮ್ಮ ಎದುರು ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಕಾವಲಿಗಿದ್ದ. ಅವನ ಮಗಳು ಶಿಲ್ಪಾ ಆಗ ಎಂಟನೇ ಕ್ಲಾಸು, ಬಹಳ ಚುರುಕು. ಆ ವರ್ಷದ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿದ್ದಳು. ಎರಡೂವರೆ ಗಂಟೆಯ ಮೇಲೆ ಇದ್ದಕ್ಕಿದ್ದಂತೆ ಬಾಯಿಗೆ ಬೀಗ ಬಿತ್ತು. ಮೂರು ಪ್ರಶ್ನೆ, ಮೂರಕ್ಕೂ ಉತ್ತರವಿಲ್ಲ. ಅದರಲ್ಲಿ ಒಂದು, ಗೋಕಾಕ ಜಲಪಾತ ಯಾವ ನದಿಯದು ಎಂದು. "ಏನಮ್ಮಾ, ನಿಮ್ಮೂರ ಹೊಳೆ ಹೆಸರೇ ಗೊತ್ತಿಲ್ವಾ?" ಎಂದು ನಮ್ಮವರು ಮೈಕಿನಲ್ಲಿ ಅಂದರು, ಭವನವೆಲ್ಲ ನಕ್ಕಿತು. ಕೊನೆಗೆ ಎರಡನೇ ಬಹುಮಾನಕ್ಕೆ ಹೆಸರು ಕರೆದರೆ ಹುಡುಗಿ ಕುರ್ಚಿಯಿಂದ ಏಳಲೇ ಇಲ್ಲ. ತಲೆ ತಗ್ಗಿಸಿ ಕೂತಿತ್ತು. "ಮೊದಲನೇದು ಬರಲಿಲ್ಲ ಅಂತ ಎಷ್ಟು ಸೊಕ್ಕು ನೋಡಿ ಆ ಹುಡುಗಿಗೆ" ಎಂದು ನಾನು ಪಕ್ಕದವರಿಗೆ ಹೇಳಿದ್ದೆ. ನನ್ನ ನಾಲಿಗೆಗೆ ಹುಳ ಬೀಳಲಿ.

ಮನಸ್ಸು ತಡೆಯಲಿಲ್ಲ. ಈರಪ್ಪ ಈಗ ಕೆಂಗೇರಿಯಲ್ಲಿದ್ದಾನೆ ಎಂದು ವಿಚಾರಿಸಿಕೊಂಡೆ. ಯಾರಿಗೂ ಹೇಳದೆ ಆಟೋದಲ್ಲಿ ವಿಜಯನಗರಕ್ಕೆ ಬಂದು ಮೆಟ್ರೋ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಒಳಗೇ ಉರುಹೊಡೆದೆ. ಉಪನಗರದ ಒಂದು ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಒಂದು ಕೋಣೆ, ಹೊರಗೆ ತಂತಿಯ ಮೇಲೆ ಒಗೆದ ಯೂನಿಫಾರ್ಮ್. ಈರಪ್ಪನ ಹೆಂಡತಿ ಹೊನ್ನವ್ವ ನನ್ನನ್ನು ಗುರುತು ಹಿಡಿದು, "ಅಯ್ಯ, ಬರ್ರಿ ಅಕ್ಕಾರ, ಒಳಗ ಬರ್ರಿ. ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ" ಎಂದು ತಂಬಿಗೆ ತುಂಬ ನೀರು ತಂದಿಟ್ಟಳು. ಆ ನೀರನ್ನು ನಾನು ತಲೆ ತಗ್ಗಿಸಿಕೊಂಡೇ ಕುಡಿದೆ.

ಶಿಲ್ಪಾ ಕಾಲೇಜಿನಿಂದ ಬಂದಿದ್ದಳು. ಎರಡನೇ ಪಿಯುಸಿ. ನಾನು ಉರುಹೊಡೆದದ್ದೆಲ್ಲ ಮರೆತು, "ತಪ್ಪಾಯ್ತು ಮಗಳೇ" ಎಂದುಬಿಟ್ಟೆ. ಯಾವುದಕ್ಕೆ ಎಂದು ಅವಳು ಕೇಳಲಿಲ್ಲ. "ಆಂಟಿ, ಮೂರಕ್ಕೂ ಉತ್ತರ ಗೊತ್ತಿತ್ತು. ಬಾಯಿ ಬಿಟ್ರೆ ತಡೆಯೋಕೆ ಆಗ್ತಿರಲಿಲ್ಲ" ಎಂದಳು.

ಹೊನ್ನವ್ವ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು. "ಘಟಪ್ರಭಾ ಹೊಳೀ ದಂಡ್ಯಾಗ ಹುಟ್ಟಿದಾಕಿರೀ ಇಕಿ. ಆಕಿಗೆ ಆ ಹೆಸರ ಗೊತ್ತಿರಲಿಲ್ಲಂತ ಎಲ್ಲಾರೂ ನಕ್ಕರು" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅದಾದ ಮೇಲೆ ಶಿಲ್ಪಾ ಯಾವ ವೇದಿಕೆಯನ್ನೂ ಹತ್ತಿಲ್ಲವಂತೆ. ಪರೀಕ್ಷೆಯ ದಿನ ಈಗಲೂ ನೀರು ಕುಡಿಯುವುದಿಲ್ಲವಂತೆ. ಹೊರಡುವಾಗ ಗೇಟಿನವರೆಗೆ ಬಂದು, "ಈ ಸಲ ಅನಘಾ ಕೂರ್ತಾಳಾ ಆಂಟಿ?" ಎಂದು ಕೇಳಿದಳು. ಹೂಂ ಎಂದೆ. "ಅವಳಿಗೆ ನೀರು ಕುಡಿದು ಹೋಗೋಕೆ ಹೇಳಿ" ಎಂದಳು. ನಾನು ಆ ಮಾತನ್ನು ಹಾಗೆಯೇ ತಂದು ಮೊಮ್ಮಗಳಿಗೆ ಒಪ್ಪಿಸಿದೆ.

ಯಜಮಾನರಿಗೂ ಎಲ್ಲವನ್ನೂ ಹೇಳಿದೆ. ಕುರ್ಚಿಯ ವಿಷಯ ಹೇಳುವಾಗ ಅವರು ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಕೆಟ್ಟ ಮನುಷ್ಯರಲ್ಲ ಅವರು, ಆ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. "ಮುಂದಿನ ವರ್ಷ ಕಮಿಟಿ ಮುಂದೆ ಇಡೋಣ ಜಯಾ" ಎಂದರು.

"ಈ ವರ್ಷವೇ ಯಾಕೆ ಬೇಡ?"

"ಈ ವರ್ಷ ಮೊಮ್ಮಗಳೇ ಸ್ಪರ್ಧೇಲಿದಾಳೆ. ಇಪ್ಪತ್ತೆರಡು ವರ್ಷ ಇದ್ದ ನಿಯಮ, ತನ್ನ ಮೊಮ್ಮಗಳಿಗೆ ಜ್ವರ ಬಂತು ಅಂತ ಶಿವಬಸಪ್ಪ ತೆಗೆದ ಅಂತಾರೆ. ಇಷ್ಟು ವರ್ಷದ ಹೆಸರು ಒಂದೇ ದಿನಕ್ಕೆ ಹೋಗುತ್ತೆ."

"ನಿಮ್ಮ ಹೆಸರು ದೊಡ್ಡದೋ, ಆ ಆರು ಮಕ್ಕಳು ದೊಡ್ಡವರೋ?"

"ಒಂದು ವರ್ಷ ಕಣೇ. ಒಂದೇ ವರ್ಷ."

ಇಂಥ ಪದ್ಧತಿಗಳೆಲ್ಲ ಹೀಗೇ ಬದುಕುವುದು ನೋಡಿ. ತಪ್ಪು ಎಂದು ಎಲ್ಲರಿಗೂ ಗೊತ್ತಾದ ಮೇಲೂ, ಇನ್ನೊಂದು ವರ್ಷ, ನಮ್ಮ ಮನೆ ಸರದಿ ಮುಗಿಯಲಿ, ಎಂದು ಒಬ್ಬೊಬ್ಬರೂ ಮುಂದಕ್ಕೆ ತಳ್ಳುತ್ತಾರೆ.

ಸೌಮ್ಯಶ್ರೀ ಮಗಳ ಹೆಸರು ವಾಪಸು ತೆಗೆಯುತ್ತೇನೆ ಎಂದಳು. ಅನಘಾ ಒಪ್ಪಲಿಲ್ಲ. "ನಾನು ಕೂರ್ತೀನಮ್ಮ. ನೀರು ಕುಡ್ಕೊಂಡೇ ಕೂರ್ತೀನಿ. ಬಂದ್ರೆ ಎದ್ದು ಹೋಗ್ತೀನಿ" ಎಂದಳು.

"ಎದ್ರೆ ಔಟ್ ಕಣೇ. ಹೆಸರು ಬರಲ್ಲ" ಎಂದೆ ನಾನು.

"ಗೊತ್ತು ಅಜ್ಜಿ" ಎಂದಳು.

ನವೆಂಬರಿನ ಎರಡನೇ ಭಾನುವಾರ. ಸಭಾಭವನದ ಮುಂದೆ ಹಳದಿ ಕೆಂಪು ಬಾವುಟ, ಒಳಗೆ ಮುನ್ನೂರು ಜನ. ಬೆಳಗ್ಗೆ ನಾನು ಅನಘಾಗೆ ಮೆತ್ತಗಿನ ಬೆಣ್ಣೆದೋಸೆ, ಪಲ್ಯ, ಎರಡು ಲೋಟ ನೀರು ಕೊಟ್ಟಿದ್ದೆ. ಉಳಿದ ಐದು ಮಕ್ಕಳ ತುಟಿ ನೋಡಿದೆ. ಒಣಗಿ ಬೆಳ್ಳಗಾಗಿದ್ದವು. ಐವರೂ ನನ್ನ ತಿಂಡಿಯನ್ನೇ ತಿಂದು ಬಂದಿದ್ದರು. ಒಬ್ಬ ತಾಯಿಯಂತೂ ದೂರದಿಂದಲೇ ನನಗೆ ಹೆಬ್ಬೆರಳು ತೋರಿಸಿ ನಕ್ಕಳು.

ಮೊದಲ ಎರಡು ಸುತ್ತು ಚೆನ್ನಾಗಿ ಹೋಯಿತು. ಅನಘಾ ಎರಡನೇ ಸ್ಥಾನದಲ್ಲಿದ್ದಳು. ಮಹಾಲಕ್ಷ್ಮಿ ಲೇಔಟಿನ ಹುಡುಗನೊಬ್ಬ ಐದೇ ಅಂಕ ಮುಂದಿದ್ದ. ಮೂರನೇ ಸುತ್ತಿನಲ್ಲಿ ಯಜಮಾನರು, "ಈಗ ನಮ್ಮ ಕಡೆಯದ್ದೇ ಪ್ರಶ್ನೆ. ನಮ್ಮ ವೃಷಭಾವತಿ ಹರಿದು ಹೋಗಿ ಯಾವ ನದಿಗೆ ಸೇರುತ್ತದೆ?" ಎಂದು ಕೇಳಿ ಅನಘಾಳ ಕಡೆ ತಿರುಗಿದರು. ಅವಳಿಗೆ ಗೊತ್ತು. ಹೇಳಿದ್ದರೆ ಹತ್ತು ಅಂಕ, ಮೊದಲ ಸ್ಥಾನ. ಅವಳು ಬಾಯಿ ತೆರೆಯುವುದಕ್ಕೆ ಮುಂಚೆ ಪಕ್ಕದಲ್ಲಿದ್ದ ಚಿಕ್ಕ ಹುಡುಗಿಯನ್ನು ನೋಡಿದಳು. ಐದನೇ ಕ್ಲಾಸಿನ ಆ ಮಗು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದು ಹಿಂದೆ ಮುಂದೆ ತೂಗುತ್ತಿತ್ತು.

ಅನಘಾ ಮೈಕು ಹತ್ತಿರ ಎಳೆದುಕೊಂಡಳು. "ತಾತಾ, ನಾನು ಟಾಯ್ಲೆಟ್‌ಗೆ ಹೋಗ್ಬೇಕು."

ಭವನದಲ್ಲಿ ಪಿಸುಪಿಸು. ಯಜಮಾನರು ಮೆಲ್ಲಗೆ, "ಎದ್ದರೆ ಔಟ್ ಕಣೇ, ಅನೂ. ಇನ್ನು ಅರ್ಧ ಗಂಟೆ" ಎಂದರು. ಆ ದನಿಯಲ್ಲಿ ಬೇಡಿಕೊಳ್ಳುವುದೇ ಹೆಚ್ಚಾಗಿತ್ತು.

"ಔಟ್ ಆದ್ರೆ ಆಗ್ಲಿ ತಾತ. ಬಾರೇ, ಹೋಗೋಣ" ಎಂದು ಎದ್ದು ನಿಂತು ಪಕ್ಕದ ಹುಡುಗಿಯ ಕೈ ಹಿಡಿದಳು.

ಸಂಘದ ಕಾರ್ಯದರ್ಶಿ ಪುರುಷೋತ್ತಮ ಕೆಳಗಿನಿಂದ, "ಮೇಡಂ, ಗಂಟೆ ಹೊಡೀರಿ. ರೂಲ್ ಅಂದ್ರೆ ರೂಲ್" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಯಜಮಾನರೂ ನೋಡಿದರು. ನನ್ನ ಕೈ ಗಂಟೆಯ ಹತ್ತಿರವೇ ಇತ್ತು. ನಾನು ಗಂಟೆ ಬಿಟ್ಟು ನನ್ನ ಮುಂದಿದ್ದ ಮೈಕು ತೆಗೆದುಕೊಂಡೆ.

"ಪುರುಷೋತ್ತಮ ಅವರೇ, ನನಗೂ ಬರ್ತಾ ಇದೆ. ನಾನೂ ಹೋಗ್ತೀನಿ. ಬೇಕಿದ್ರೆ ನನ್ನನ್ನೂ ಔಟ್ ಮಾಡಿ."

ಹಿಂದಿನ ಸಾಲಿನ ಹೆಂಗಸರು ಕಿಸಕ್ಕನೆ ನಕ್ಕರು. ಅರವತ್ತೆರಡು ವರ್ಷದ ಮುದುಕಿ ಮೈಕಿನಲ್ಲಿ ಹೀಗಂದರೆ ನಗದೆ ಇರುತ್ತಾರೆಯೇ? ಆ ನಗುವಿನಲ್ಲಿ ಯಾರಿಗೂ ಅವಮಾನವಿರಲಿಲ್ಲ, ಅದು ನನ್ನ ಮೇಲಿನ ನಗು, ನಾನು ಅದಕ್ಕೆ ಅರ್ಹಳೇ. ಮಹಾಲಕ್ಷ್ಮಿ ಲೇಔಟಿನ ಹುಡುಗ, "ಆಂಟಿ, ನಾನೂ ಬರ್ತೀನಿ" ಎಂದು ಎದ್ದ. ಅವನ ಹಿಂದೆ ಮೂವರು. ವೇದಿಕೆ ಮೇಲೆ ಆರು ಖಾಲಿ ಕುರ್ಚಿ, ನಡುವೆ ಕಾಗದ ಹಿಡಿದುಕೊಂಡು ನಮ್ಮ ಯಜಮಾನರೊಬ್ಬರೇ.

ಪಟಾಲಮ್ಮ ಅವತ್ತು ಬೀಗ ಹಾಕಿರಲೇ ಇಲ್ಲ. ಬಾಗಿಲ ಬಳಿ ಒಂದು ಬಿಂದಿಗೆ ಕುಡಿಯುವ ನೀರು, ಲೋಟ ಇಟ್ಟುಕೊಂಡು ನಿಂತಿದ್ದಳು. "ಬರ್ರಪ್ಪಾ ಬರ್ರಿ, ಆ ಚಿಕ್ಕದುನ್ ಮೊದ್ಲು ಬುಡಿ" ಎಂದು ಸಾಲು ಮಾಡಿಸಿದಳು. ಎಷ್ಟು ಸಂತೋಷವಾಯಿತು ನನಗೆ! ಹೊರಗೆ ಬಂದ ಒಂದೊಂದು ಮಗುವಿನ ಮುಖದಲ್ಲೂ ಬೆಳಕು. ಆ ಚಿಕ್ಕ ಹುಡುಗಿ ಮೂರು ಲೋಟ ನೀರನ್ನು ಗಟಗಟ ಕುಡಿದು ನನಗೆ ಆತುಕೊಂಡು ನಿಂತಿತು.

ಯಾರು ಗೆದ್ದರು ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಗೆದ್ದವನು ಮಹಾಲಕ್ಷ್ಮಿ ಲೇಔಟಿನ ಹುಡುಗ. ಅನಘಾ ಮೂರನೆಯವಳು, ಹಲಗೆಯಲ್ಲಿ ಅವಳ ಹೆಸರಿಲ್ಲ. ರಾತ್ರಿ ಸ್ವಲ್ಪ ಅತ್ತು, ಎರಡು ಒಬ್ಬಟ್ಟು ತಿಂದು ಮಲಗಿದಳು. ಅದೆಲ್ಲ ಆಮೇಲಿನ ಮಾತು. ನಾನು ಹೇಳಬೇಕಾದದ್ದು ಆ ಸಾಲಿನ ಹತ್ತಿರ ನಡೆದದ್ದು.

ಸಾಲಿನಲ್ಲಿ ನಿಂತ ಮಕ್ಕಳು ಸುಮ್ಮನಿರುತ್ತವೆಯೇ? "ಕಾವೇರಿ ಕಣೋ ಉತ್ತರ" ಎಂದು ಒಬ್ಬ. "ಡೈರೆಕ್ಟ್ ಆಗಿ ಅಲ್ಲ ಮಗಾ, ಮೊದಲು ಅರ್ಕಾವತಿ" ಎಂದು ಇನ್ನೊಬ್ಬ. ಅನಘಾ ಗೋಡೆಯ ಮೇಲೆ ಬೆರಳಿನಿಂದ ಗೆರೆ ಎಳೆದು, ಇಲ್ಲಿ ಕೆಂಗೇರಿ, ಇಲ್ಲಿ ಸೇರುತ್ತೆ ಎಂದು ತೋರಿಸುತ್ತಿದ್ದಳು. ಆರೂ ತಲೆ ಒಟ್ಟಿಗೆ ಬಾಗಿದ್ದವು.

ಪುರುಷೋತ್ತಮ ಓಡಿಬಂದು ಇದನ್ನು ಕಂಡು, ಹಿಂದೆ ಬರುತ್ತಿದ್ದ ಯಜಮಾನರಿಗೆ, "ನೋಡಿ ಸಾರ್, ಇದಕ್ಕೇ ಹೇಳಿದ್ದು! ಉತ್ತರ ಹೇಳ್ಕೋತಾ ಇದಾರೆ. ಪ್ರಶ್ನೆ ಹಾಳಾಗೋಯ್ತು" ಎಂದರು.

ಯಜಮಾನರು ಮಕ್ಕಳನ್ನು ನೋಡಿದರು. ಕೈಯಲ್ಲಿದ್ದ ಪ್ರಶ್ನೆಗಳ ಕಡತ ನೋಡಿದರು. ಪ್ರತಿ ವರ್ಷವೂ ಬೇಕಾದದ್ದಕ್ಕಿಂತ ಇನ್ನೂರು ಪ್ರಶ್ನೆ ಹೆಚ್ಚಾಗಿಯೇ ಬರೆದಿಟ್ಟುಕೊಳ್ಳುವ ಅಭ್ಯಾಸ ಅವರದು.

"ಹಾಳಾದ್ರೆ ಇನ್ನೊಂದು ಕೇಳಿದ್ರಾಯ್ತಪ್ಪ" ಎಂದು ಹಾಳೆ ತಿರುವಿದರು.

ತಿರುವಿದ ಕೈ ಹಾಗೆಯೇ ನಿಂತಿತು. ತಾವು ಆಡಿದ ಮಾತು ಅವರಿಗೆ ಆಗ ಕೇಳಿಸಿತು. ಇಪ್ಪತ್ತೆರಡು ವರ್ಷ, ವರ್ಷಕ್ಕೆ ಆರು ಮಕ್ಕಳು. ನನ್ನ ಕಡೆ ತಿರುಗಿದರು. ಅವರ ಕಣ್ಣು ಅಷ್ಟು ಒದ್ದೆಯಾದದ್ದನ್ನು ನಾನು ಅವರಪ್ಪ ತೀರಿಕೊಂಡ ದಿನವೂ ಕಂಡಿರಲಿಲ್ಲ.

"ಜಯಾ, ಇಷ್ಟೇನಾ?" ಎಂದು ಕೇಳಿದರು.

"ಇಷ್ಟೇ ರೀ" ಎಂದೆ.